ಬಸುರಿ ಮೈ ಮತ್ತು ಇನ್ಶೂರೆನ್ಸ್ ಪಾಯಿಂಟ್ಸ್

ನಾನೀಗ 34 ವಾರದ ಬಸುರಿ. ಮಲಗಿದ್ದಲ್ಲೇ ದಿಂಬಿಗೆ ಒರಗಿಕೊಂಡು ಇದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಆದರೂ ಓದಿ.

ನಮ್ಮ ಆಫೀಸಿನ ಹೆಲ್ತ್ ಇನ್ಶೂರೆನ್ಸ್ ಜೊತೆ ಒಂದು ವೆಲ್‌ನೆಸ್ ಯೋಜನೆ ಇದೆ. ಫೋನಿನಲ್ಲಿ ಆ್ಯಪ್ ಹಾಕಿಕೊಳ್ಳಬೇಕು. ದಿನಕ್ಕೆ 10,000 ಹೆಜ್ಜೆ ನಡೆದರೆ ಪಾಯಿಂಟ್ಸ್. ವರ್ಷಕ್ಕೊಮ್ಮೆ ತೂಕ, ಬಿಪಿ, ಕೊಲೆಸ್ಟ್ರಾಲ್ ನೋಡುತ್ತಾರೆ. ಅವು ಮಿತಿಯೊಳಗಿದ್ದರೆ ಇನ್ನಷ್ಟು ಪಾಯಿಂಟ್ಸ್. ಎಲ್ಲಾ ಸೇರಿ ಗುರಿ ಮುಟ್ಟಿದರೆ ಮುಂದಿನ ವರ್ಷದ ಪ್ರೀಮಿಯಂ ಕಡಿಮೆ. ಶುರುವಿನಲ್ಲಿ ನಾನು ಇದನ್ನು ಖುಷಿಯಿಂದಲೇ ಮಾಡಿದೆ. ಬಸುರಿಯಾದ ಮೇಲೆ ಗೊತ್ತಾಯಿತು, ಈ ಲೆಕ್ಕ ಹಾಕಿದವರ ಮನಸ್ಸಿನಲ್ಲಿ ಬಸುರಿ ಹೆಂಗಸು ಇರಲೇ ಇಲ್ಲ.

ಬಸುರಿಯರಿಗೆ ಅಂತಲೇ ಅದರಲ್ಲಿ ಒಂದು ಬೇರೆ ಭಾಗ ಇದೆ, ನಿಜ. 12 ವಾರ ತುಂಬುವ ಮೊದಲು ಹೆಸರು ನೋಂದಾಯಿಸಿದರೆ ಬೋನಸ್. ಬೇಗ ಡಾಕ್ಟರ ಹತ್ತಿರ ಹೋಗಲಿ ಅನ್ನುವ ಉದ್ದೇಶ ಒಳ್ಳೆಯದೇ. ವಿಶ್ವ ಆರೋಗ್ಯ ಸಂಸ್ಥೆ 2016ರಿಂದ ಹೇಳುತ್ತಿರುವುದೂ ಅದನ್ನೇ. ಒಂದು ಬಸುರಿಗೆ ಕನಿಷ್ಠ 8 ತಪಾಸಣೆ ಆಗಬೇಕು, ಮೊದಲನೆಯದು 12 ವಾರದೊಳಗೆ. ಆದರೆ ಡಾಕ್ಟರ ಹತ್ತಿರ ಹೋಗುವುದೇ ಬೇರೆ, ಇನ್ಶೂರೆನ್ಸ್ ಆ್ಯಪ್‌ಗೆ ಹೇಳುವುದೇ ಬೇರೆ ಅಲ್ವಾ?

ಇದನ್ನು ಬರೆಯುವುದು ನನಗೆ ಸುಲಭ ಅಲ್ಲ. ಹೋದ ವರ್ಷವೂ ನಾನು ಬಸುರಿಯಾಗಿದ್ದೆ. ಬೋನಸ್ ಸಿಗುತ್ತದೆ ಅಂತ 7ನೇ ವಾರದಲ್ಲೇ ಹೆಸರು ಹಾಕಿದೆ. 10ನೇ ವಾರದಲ್ಲಿ ಆ ಗರ್ಭ ನಿಲ್ಲಲಿಲ್ಲ. ಗೊತ್ತಾದ ಗರ್ಭಗಳಲ್ಲಿ 100ಕ್ಕೆ 10ರಿಂದ 20 ಹೀಗೆ ಹೋಗುತ್ತವೆ, ಹೆಚ್ಚಿನವು ಮೊದಲ 12 ವಾರದಲ್ಲೇ. ಇದು ಅಪರೂಪದ ಸಂಗತಿ ಅಲ್ಲವೇ ಅಲ್ಲ. ಆಸ್ಪತ್ರೆಯಿಂದ ಬಂದ ಮುಂದಿನ ವಾರ ಬೆಳಿಗ್ಗೆ ಫೋನ್ ಟಿಂಗ್ ಅಂದಿತು. 'ಈ ವಾರ ನಿಮ್ಮ ಮಗುವಿಗೆ ಉಗುರು ಮೂಡುತ್ತಿದೆ!' ಅದರ ಮುಂದಿನ ವಾರ ಮತ್ತೊಂದು. ನಿಲ್ಲಿಸೋಣ ಅಂತ ಆ್ಯಪ್ ತೆರೆದರೆ ಕಾರಣ ಹೇಳಬೇಕು. ಅಲ್ಲಿದ್ದದ್ದು ಮೂರೇ ಕಾರಣ. 'ಹೆರಿಗೆ ಆಗಿದೆ', 'ಬೇರೆ ಪಾಲಿಸಿಗೆ ಬದಲಾಗಿದ್ದೇನೆ', 'ಆಸಕ್ತಿ ಇಲ್ಲ'. ನಾನು 'ಆಸಕ್ತಿ ಇಲ್ಲ' ಒತ್ತಿದೆ. ಆ ಕಳೆದುಕೊಂಡ ಮಗುವಿನ ವಿಷಯದಲ್ಲಿ ನಾನು ಮಾಡಿದ ಕೊನೆಯ ಕೆಲಸ ಅದು. ಇವತ್ತಿಗೂ ನೆನೆಸಿಕೊಂಡರೆ ಗಂಟಲು ಕಟ್ಟುತ್ತದೆ.

ಹಾಗಾಗಿ ಈ ಸಲ 14 ವಾರ ಆಗುವವರೆಗೆ ಅಮ್ಮನಿಗೂ ಹೇಳಲಿಲ್ಲ. ಆ್ಯಪ್‌ಗೆ ಹೇಗೆ ಹೇಳಲಿ? ಬೋನಸ್ ಹೋಯಿತು. ಎಲ್ಲಾ ತಪಾಸಣೆ ಸರಿಯಾದ ಸಮಯಕ್ಕೆ ಮಾಡಿಸಿದ್ದೆ, ರಸೀದಿ ಎಲ್ಲಾ ಇತ್ತು. ಲೆಕ್ಕಕ್ಕೆ ಬರಲಿಲ್ಲ. ಅವರಿಗೆ ಬೇಕಿದ್ದದ್ದು ನೋಂದಣಿಯ ತಾರೀಕು ಮಾತ್ರ.

ಆಮೇಲೆ ವರ್ಷದ ಪರೀಕ್ಷೆ ಬಂತು. ಆಗ ನನಗೆ 24 ವಾರ. ತೂಕ ಜಾಸ್ತಿ, ಕೊಲೆಸ್ಟ್ರಾಲ್ ಜಾಸ್ತಿ, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು) ಜಾಸ್ತಿ, ಹೃದಯದ ಬಡಿತ ಜಾಸ್ತಿ. ಎಲ್ಲಾ ಕೆಂಪು. ಗಾಬರಿಯಿಂದ ಡಾಕ್ಟರಿಗೆ ತೋರಿಸಿದೆ. ಅವರು ಒಂದೊಂದನ್ನೇ ಬಿಡಿಸಿ ಹೇಳಿದರು. ಹೆರಿಗೆ ಹತ್ತಿರ ಬರುವ ಹೊತ್ತಿಗೆ ಮೈಯಲ್ಲಿ ರಕ್ತದ ಪ್ರಮಾಣ ಸುಮಾರು 45% ಹೆಚ್ಚಿರುತ್ತದಂತೆ. ಅದನ್ನು ತಳ್ಳಲು ಹೃದಯ ನಿಮಿಷಕ್ಕೆ 10ರಿಂದ 20 ಸಲ ಜಾಸ್ತಿ ಬಡಿಯುತ್ತದೆ. ಟ್ರೈಗ್ಲಿಸರೈಡ್ ಕೊನೆಯ ತಿಂಗಳುಗಳಲ್ಲಿ ಎರಡು ಮೂರು ಪಟ್ಟು ಏರುವುದು ಸಹಜ, ಮಗು ಬೆಳೆಯಲು ಅದು ಬೇಕು. ಇನ್ನು ತೂಕ. ಮೊದಲು ಸರಿಯಾದ ತೂಕ ಇದ್ದ ಹೆಂಗಸು ಬಸುರಿಯಲ್ಲಿ 11.5ರಿಂದ 16 ಕಿಲೋ ಹೆಚ್ಚಬೇಕು ಅಂತ ಅಮೆರಿಕದ ವೈದ್ಯಕೀಯ ಸಂಸ್ಥೆಯೊಂದು 2009ರಲ್ಲೇ ಹೇಳಿದೆ, ನನ್ನ ಡಾಕ್ಟರೂ ಅದನ್ನೇ ನೋಡುತ್ತಾರೆ. ಅಂದರೆ ಮೈ ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿತ್ತು. ಅದಕ್ಕೇ ನಾನು ಫೇಲ್.

ಇದರಲ್ಲಿ ಅಪಾಯವೂ ಇದೆ. ತೂಕದ ಪಾಯಿಂಟ್ಸ್‌ಗಾಗಿ ಯಾರಾದರೂ ಬಸುರಿ ಊಟ ಕಡಿಮೆ ಮಾಡಿದರೆ? ಪರೀಕ್ಷೆಗೆ ಮೊದಲಿನ ವಾರ ನನಗೇ ಆ ಯೋಚನೆ ಬಂದಿತ್ತು. ಎರಡು ದಿನ ರಾತ್ರಿ ಊಟ ಬಿಟ್ಟೆ. ಮನೆಯವರಿಗೂ ಹೇಳಿರಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

26ನೇ ವಾರದಲ್ಲಿ ರಕ್ತಸ್ರಾವ ಆಯಿತು. ಸ್ಕ್ಯಾನಿಂಗ್‌ನಲ್ಲಿ ಮಾಸು ಕೆಳಗೆ ಕೂತು ಗರ್ಭಕೋಶದ ಬಾಯಿಯನ್ನು ಮುಚ್ಚಿರುವುದು ಕಂಡಿತು. ಮೂರು ದಿನ ಆಸ್ಪತ್ರೆ. ವ್ಯಾಯಾಮ ಬೇಡ, ಜಾಸ್ತಿ ಓಡಾಟ ಬೇಡ, ಭಾರ ಎತ್ತಬೇಡಿ ಅಂದರು. ಎಲ್ಲ ಸರಿಯಿರುವ ಬಸುರಿಯರು ವಾರಕ್ಕೆ 150 ನಿಮಿಷ ಮಿತವಾದ ವ್ಯಾಯಾಮ ಮಾಡಬೇಕು ಅನ್ನುವುದು ನಿಜ, ಅದರಲ್ಲಿ ನನಗೆ ತಕರಾರಿಲ್ಲ. ನನಗೆ ಎಲ್ಲ ಸರಿಯಿರಲಿಲ್ಲ. ಆಸ್ಪತ್ರೆಯ ಮಂಚದ ಮೇಲಿದ್ದಾಗ ಆ್ಯಪ್ ಹೇಳಿತು, 'ಇವತ್ತು ಬರೀ 212 ಹೆಜ್ಜೆ! ಏಳಿ, ನಡೆಯಿರಿ!' ಅಂದಹಾಗೆ ಈ 10,000 ಜನಪ್ರಿಯವಾದದ್ದು ಒಂದು ಯಂತ್ರದ ಹೆಸರಿನಿಂದ. 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಒಂದು ಯಂತ್ರ ಮಾರಾಟಕ್ಕೆ ಬಂತು, ಅದರ ಹೆಸರಲ್ಲಿ ಇದ್ದ ಸಂಖ್ಯೆ ಅದು.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಆ ಕಡೆಯ ಹುಡುಗಿ ಒಳ್ಳೆಯವಳು. ಸಮಾಧಾನದಿಂದ ಕೇಳಿಸಿಕೊಂಡಳು. "ಮೇಡಂ, ಕಾಲು ಮುರಿದಿದ್ರೆ ವಿನಾಯಿತಿ ಇದೆ, ಆಪರೇಷನ್ ಆಗಿದ್ರೆ ಇದೆ. ಪ್ರೆಗ್ನೆನ್ಸಿ ಕಾಯಿಲೆ ಅಲ್ವಲ್ಲ ಮೇಡಂ, ಲಿಸ್ಟಲ್ಲಿ ಇಲ್ಲ" ಅಂದಳು. ಕಾಯಿಲೆ ಅಲ್ಲ, ಸರಿ. ಹಾಗಾದರೆ ಅದರಿಂದ ಏರಿದ ಅಂಕಿಗಳನ್ನು ಕಾಯಿಲೆಯ ಪಟ್ಟಿಯಲ್ಲಿ ಯಾಕೆ ಹಾಕಿದಿರಿ? ಇದಕ್ಕೆ ಅವಳ ಹತ್ತಿರ ಉತ್ತರ ಇರಲಿಲ್ಲ. ಅವಳದೇನೂ ತಪ್ಪಿಲ್ಲ.

ಇದಕ್ಕೆ ದಾರಿ ಇಲ್ಲದಿಲ್ಲ. ಅಮೆರಿಕದಲ್ಲಿ ಇಂಥ ಯೋಜನೆಗಳಿಗೆ 2013ರಲ್ಲಿ ಮಾಡಿದ ನಿಯಮ ಇದೆ. ಆರೋಗ್ಯದ ಕಾರಣಕ್ಕೆ ಒಬ್ಬರು ಗುರಿ ಮುಟ್ಟಲು ಆಗದಿದ್ದರೆ ಅವರಿಗೆ ಬೇರೆ ಸುಲಭದ ದಾರಿ ಕೊಡಬೇಕು, ಇಲ್ಲವೇ ಆ ಷರತ್ತನ್ನೇ ಬಿಡಬೇಕು. ಹಾಗೆ ಮಾಡಿದವರಿಗೂ ಪೂರ್ತಿ ರಿಯಾಯಿತಿ ಸಿಗಬೇಕು. ಈ ಅವಕಾಶ ಇದೆ ಅಂತ ಯೋಜನೆಯ ಕಾಗದದಲ್ಲೇ ಬರೆದು ತಿಳಿಸಬೇಕು. ಕಂಪನಿಗಳು ಮನಸ್ಸು ಮಾಡಿದರೆ ಎಲ್ಲಿ ಬೇಕಾದರೂ ಹೀಗೆ ಮಾಡಬಹುದು.

ನಾನು ಕೇಳುತ್ತಿರುವುದೂ ಇಷ್ಟೇ. ಬಸುರಿಯಾದವಳಿಗೆ ಬಸುರಿಗೆ ಮೊದಲಿನ ಅಂಕಿಗಳನ್ನೇ ಹಿಡಿಯಿರಿ. ಹೆಜ್ಜೆಯ ಬದಲು ತಪಾಸಣೆಗೆ ಹೋದದ್ದಕ್ಕೆ ಪಾಯಿಂಟ್ಸ್ ಕೊಡಿ, ನೋಂದಣಿ ತಡವಾದರೂ ಕೊಡಿ. ಡಾಕ್ಟರು ವಿಶ್ರಾಂತಿ ಬರೆದುಕೊಟ್ಟರೆ ಅದನ್ನು ಒಂದು ಸಲ ತೆಗೆದುಕೊಂಡು ಸುಮ್ನೆ ಬಿಡಿ, ತಿಂಗಳು ತಿಂಗಳು ಹೊಸ ಫಾರಂ ಕೇಳಬೇಡಿ. ಮತ್ತು ಆ ಕಾರಣಗಳ ಪಟ್ಟಿಗೆ ನಾಲ್ಕನೆಯದೊಂದು ಸೇರಿಸಿ. 'ಮಗು ಉಳಿಯಲಿಲ್ಲ' ಅಂತ. ಅದನ್ನು ಒತ್ತಿದ ಮೇಲೆ ಒಂದೇ ಒಂದು ಮೆಸೇಜೂ ಬರಬಾರದು.

ನಿಮ್ಮ ಆಫೀಸಿನಲ್ಲೂ ಇಂಥ ಯೋಜನೆ ಇದ್ದು ನೀವು ಬಸುರಿಯಾಗಿದ್ದರೆ, ಫೋನಿನಲ್ಲಿ ಮಾತಾಡಿ ಸುಮ್ಮನಾಗಬೇಡಿ. ಇಮೇಲ್ ಬರೆಯಿರಿ, ಡಾಕ್ಟರ ಚೀಟಿ ಲಗತ್ತಿಸಿ. 'ನನಗೆ ಬದಲಿ ಗುರಿ ಏನು?' ಅಂತ ನೇರವಾಗಿ ಕೇಳಿ. ಎಚ್ಆರ್‌ಗೂ ಒಂದು ಪ್ರತಿ ಹಾಕಿ. ನಾನು ಮೂರು ಫೋನ್ ಮಾಡಿದ ಮೇಲೆ ಇದನ್ನು ಕಲಿತೆ.

ನನ್ನ ಇಮೇಲ್ ಹೋಗಿ ಹನ್ನೊಂದು ದಿನ ಆಯಿತು. 'ಪರಿಶೀಲನೆಯಲ್ಲಿದೆ' ಅಂತ ಬಂದಿದೆ. 37ನೇ ವಾರದ ಮೊದಲ ದಿನ ಸಿಸೇರಿಯನ್ ಅಂತ ಗೊತ್ತು ಮಾಡಿದ್ದಾರೆ. ಪಾಯಿಂಟ್ಸ್ ಲೆಕ್ಕ ಮುಗಿಯುವುದು ಅದಾದ ನಾಲ್ಕನೇ ದಿನ. ಆಸ್ಪತ್ರೆ ಬ್ಯಾಗಿನಲ್ಲಿ ಮಗುವಿನ ಬಟ್ಟೆಯ ಕೆಳಗೆ ಆ ಡಾಕ್ಟರ ಚೀಟಿಯ ಇನ್ನೊಂದು ಪ್ರತಿ ಇಟ್ಟುಕೊಂಡಿದ್ದೇನೆ.