ಕೂಲಿಯ ಸಾಲು ಖಾಲಿ

ಸೇನೆಯಿಂದ ನಿವೃತ್ತರಾದವರೊಬ್ಬರು ಸ್ವಂತ ಉದ್ಯಮ ಆರಂಭಿಸಿದ ಸುದ್ದಿ ಬಂದಾಗಲೆಲ್ಲ ಅದರ ಕೆಳಗೆ ಬೀಳುವ ಮೆಚ್ಚುಗೆಯ ಮಾತುಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವು. ಶಿಸ್ತಿದೆ, ಸಮಯಪಾಲನೆ ಇದೆ, ಎದೆಗಾರಿಕೆ ಇದೆ, ಗಡಿ ಕಾದವರಿಗೆ ಗಲ್ಲಾಪೆಟ್ಟಿಗೆ ಕಾಯುವುದು ಯಾವ ಲೆಕ್ಕ ಎಂದು ಜನ ಬರೆಯುತ್ತಾರೆ. ನಾನು ಸಣ್ಣ ಉದ್ಯಮಗಳ ಲೆಕ್ಕಪತ್ರ ನೋಡಿಕೊಳ್ಳುವವನು. ನನ್ನಲ್ಲಿಗೆ ಬರುವವರಲ್ಲಿ ಕೆಲವರು ಮಾಜಿ ಸೈನಿಕರು. ವರ್ಷದ ಕೊನೆಯಲ್ಲಿ ಅವರ ಪುಸ್ತಕಗಳನ್ನು ತೆರೆದು ಕುಳಿತಾಗ, ಹೊಗಳುವವರು ಹೇಳಿದ ಗುಣಗಳೆಲ್ಲ ನಿಜಕ್ಕೂ ಅಲ್ಲಿ ಕಾಣುತ್ತವೆ. ಒಂದು ರಸೀದಿ ಕಳೆದಿರುವುದಿಲ್ಲ, ಒಂದು ದಿನಾಂಕ ತಪ್ಪಿರುವುದಿಲ್ಲ. ಲಾಭ ಮಾತ್ರ ಇರುವುದಿಲ್ಲ. ಇದರ ಕಾರಣವನ್ನು ಹುಡುಕುತ್ತಾ ಹೋದ ನನಗೆ ಈಗ ಅನಿಸುವುದಿಷ್ಟು: ಇವರಿಗೆ ತಮ್ಮ ಕೆಲಸಕ್ಕೆ ಬೆಲೆ ಹೇಳಲು ಬರುವುದಿಲ್ಲ, ಮತ್ತು ಅದನ್ನು ಇವರಿಗೆ ಯಾರೂ ಕಲಿಸಿಲ್ಲ.

ನನಗೆ ಇದು ಮೊದಲು ಹೊಳೆದದ್ದು ಒಂದು ಎಸ್ಟಿಮೇಟ್ ನೋಡಿದಾಗ. ಬರೆದವರು ಸೇನೆಯ ತಾಂತ್ರಿಕ ವಿಭಾಗದಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ವಾಹನ ಮತ್ತು ಜನರೇಟರುಗಳನ್ನು ರಿಪೇರಿ ಮಾಡಿ, ಮಾಡಿಸಿ, ಹೊರಬಂದ ಮೇಲೆ ಅದೇ ಕೆಲಸದ ಸ್ವಂತ ಘಟಕ ತೆರೆದವರು. ಎಸ್ಟಿಮೇಟ್ ಎರಡು ಪುಟದ್ದಿತ್ತು. ಫಿಲ್ಟರ್, ಗ್ಯಾಸ್ಕೆಟ್, ಬೋಲ್ಟ್, ವಾಷರ್ ಎಲ್ಲವೂ ಸಂಖ್ಯೆ ಸಮೇತ, ಬಿಡಿಭಾಗದ ಕೋಡ್ ಸಮೇತ, ಮುತ್ತು ಪೋಣಿಸಿದಂಥ ಅಕ್ಷರದಲ್ಲಿದ್ದವು. ಪ್ರತಿ ಬಿಡಿಭಾಗಕ್ಕೂ ಅವರು ಕೊಂಡ ದರವನ್ನೇ ಹಾಕಿದ್ದರು, ಒಂದು ಪೈಸೆ ಮೇಲಿಲ್ಲ. ಕೊನೆಯಲ್ಲಿ ‘ಕೂಲಿ’ ಎಂದು ಬರೆದು, ಅದರ ಮುಂದೆ ಸ್ಕೇಲ್ ಇಟ್ಟು ಗೆರೆ ಎಳೆದು, ಖಾಲಿ ಬಿಟ್ಟಿದ್ದರು. ಇದೇಕೆ ಹೀಗೆ ಎಂದು ಕೇಳಿದೆ. ‘ಅದನ್ನು ಅವರೇ ನೋಡಿ ಕೊಡುತ್ತಾರೆ’ ಎಂದರು. ಸಂಕೋಚ ಇರಬಹುದೆಂದುಕೊಂಡು ಇನ್ನೊಮ್ಮೆ ಕೆದಕಿದಾಗ, ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇಷ್ಟು ವರ್ಷದಲ್ಲಿ ನಿನ್ನ ಕೆಲಸಕ್ಕೆ ಎಷ್ಟು ಎಂದು ನನ್ನನ್ನು ಯಾರೂ ಕೇಳಿಯೇ ಇರಲಿಲ್ಲ ಸಾರ್’ ಎಂದರು.

ಯೋಚಿಸಿ ನೋಡಿದರೆ ಅದು ಅಕ್ಷರಶಃ ನಿಜ. ಯಾವ ದೇಶದ ಸೇನೆಯೇ ಆಗಲಿ, ಅದರೊಳಗಿನ ದೈನಂದಿನ ಬದುಕಿನಲ್ಲಿ ಬೆಲೆ ಎಂಬುದೇ ಇರುವುದಿಲ್ಲ. ಬೂಟು ಬೇಕಾದರೆ ಇಂಡೆಂಟ್ (ಬೇಡಿಕೆ ಚೀಟಿ) ಹಾಕಬೇಕು, ಇಂಧನದ ಲೆಕ್ಕ ಲೀಟರಿನಲ್ಲಿ, ಸಾಗಣೆಯ ಲೆಕ್ಕ ಟನ್ನಿನಲ್ಲಿ, ಸಂಬಳ ದರ್ಜೆಗೆ ತಕ್ಕಂತೆ ತಾನಾಗಿ ಬರುತ್ತದೆ. ಎಂಜಿನ್ ಕೈಕೊಟ್ಟರೆ ಮೇಲಿನವರು ಕೇಳುವ ಪ್ರಶ್ನೆ ಒಂದೇ, ಯಾವಾಗ ಸಿದ್ಧವಾಗುತ್ತದೆ ಎಂದು. ಎಷ್ಟಾಗುತ್ತದೆ ಎಂಬುದನ್ನು ಬೇರೆಲ್ಲೋ ಕುಳಿತ ಬೇರೆ ಯಾರೋ ನೋಡಿಕೊಳ್ಳುತ್ತಾರೆ. ಅದು ಹಾಗೆಯೇ ಇರಬೇಕು ಕೂಡ. ಈ ಕೆಲಸಕ್ಕೆ ನನಗೇನು ಸಿಗುತ್ತದೆ ಎಂದು ಪ್ರತಿ ಸಲವೂ ಲೆಕ್ಕ ಹಾಕುವ ಮನುಷ್ಯನನ್ನು ಇಟ್ಟುಕೊಂಡು ಯಾವ ಸೇನೆಯೂ ಯುದ್ಧ ಮಾಡಲಾರದು. ತನಗಾಗಿ ಹಣ ಕೇಳುವುದು ಸಣ್ಣತನ ಎಂಬ ಭಾವನೆ ವರ್ಷಗಟ್ಟಲೆ ಮೈಗೂಡಿದ ಮೇಲೆ, ಒಂದು ಬೆಳಿಗ್ಗೆ ಸಮವಸ್ತ್ರ ಕಳಚಿಟ್ಟ ಮಾತ್ರಕ್ಕೆ ಅದು ಹೋಗುವುದಿಲ್ಲ. ಬಾಕಿ ವಸೂಲಿಯಲ್ಲಿಯೂ ಇದೇ ಕಥೆ. ಬಿಲ್ ಕಳಿಸಿ ಇವರು ಕಾಯುತ್ತಾರೆ, ಏಕೆಂದರೆ ಕ್ಲೇಮ್ ಸಲ್ಲಿಸಿದರೆ ತಡವಾಗಿಯಾದರೂ ಬಂದೇ ಬರುತ್ತದೆ ಎಂಬ ವ್ಯವಸ್ಥೆಯಲ್ಲಿ ಬದುಕಿ ಬಂದವರು. ಮಾರುಕಟ್ಟೆಯಲ್ಲಿ ಮೂರು ಸಲ ಫೋನ್ ಮಾಡದವನ ಬಿಲ್ ರಾಶಿಯ ಅಡಿಗೆ ಹೋಗುತ್ತದೆ.

ಹಾಗಾದರೆ ಸೇನೆಯಿಂದ ಬಂದು ದೊಡ್ಡ ಉದ್ಯಮ ಕಟ್ಟಿದವರಿಲ್ಲವೇ ಎಂದು ಕೇಳಬಹುದು. ಧಾರಾಳವಾಗಿ ಇದ್ದಾರೆ, ಮತ್ತು ಇಂಥ ಚರ್ಚೆಯಲ್ಲಿ ಅವರ ಹೆಸರುಗಳೇ ಮೊದಲು ಬರುತ್ತವೆ. ಕೊರಿಯರ್ ಕಂಪನಿ ಫೆಡೆಕ್ಸ್ ಕಟ್ಟಿದ ಫ್ರೆಡ್ ಸ್ಮಿತ್ ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಮೆರೀನ್ ಪಡೆಯ ಅಧಿಕಾರಿಯಾಗಿದ್ದವರು. 1973ರ ಏಪ್ರಿಲ್ 17ರ ರಾತ್ರಿ ಮೆಂಫಿಸ್‌ನಿಂದ 14 ವಿಮಾನಗಳಲ್ಲಿ 186 ಪೊಟ್ಟಣಗಳನ್ನು 25 ನಗರಗಳಿಗೆ ಕಳಿಸಿ ಸೇವೆ ಆರಂಭಿಸಿದ ಆ ಕಾರ್ಯಾಚರಣೆಯಲ್ಲಿ ಸೈನ್ಯದ ಪೂರೈಕೆ ವ್ಯವಸ್ಥೆಯ ನೆರಳನ್ನು ಯಾರಾದರೂ ಗುರುತಿಸಬಹುದು. ಆದರೆ ಆ ಕಂಪನಿ 1975ರವರೆಗೆ ಲಾಭದ ಮುಖ ನೋಡಲಿಲ್ಲ ಎಂಬುದನ್ನೂ, ಸ್ಮಿತ್‌ಗೆ ತಂದೆಯಿಂದ ಬಂದ ದೊಡ್ಡ ಆಸ್ತಿಯಿತ್ತು ಎಂಬುದನ್ನೂ, ಫೆಡೆಕ್ಸ್‌ಗೆ ಮೊದಲೇ ವಿಮಾನಗಳ ನಿರ್ವಹಣೆಯ ಒಂದು ಕಂಪನಿಯನ್ನು ಕೈಗೆತ್ತಿಕೊಂಡು ಹಳೆಯ ಜೆಟ್ ವಿಮಾನಗಳ ಕೊಡುಕೊಳ್ಳುವಿಕೆ ನಡೆಸಿದ್ದರು ಎಂಬುದನ್ನೂ ಸ್ಫೂರ್ತಿಯ ಭಾಷಣ ಮಾಡುವವರು ಹೇಳುವುದಿಲ್ಲ.

ವಾಲ್‌ಮಾರ್ಟ್‌ನ ಸ್ಯಾಮ್ ವಾಲ್ಟನ್ ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯ ಗುಪ್ತಚರ ವಿಭಾಗದಲ್ಲಿದ್ದರು. ಅದಕ್ಕಿಂತ ಮುಂಚೆ ಜೆ.ಸಿ. ಪೆನ್ನಿ ಮಳಿಗೆಯಲ್ಲಿ ಮಾರಾಟದ ತರಬೇತಿ ಪಡೆದು ಗಿರಾಕಿಗಳ ಎದುರು ನಿಂತು ಬಂದಿದ್ದರು. 1945ರಲ್ಲಿ ಸೇನೆ ಬಿಟ್ಟು, ಮಾವನಿಂದ ಪಡೆದ ಸಾಲದ ಬಲದಿಂದ ಆರ್ಕನ್ಸಾದ ನ್ಯೂಪೋರ್ಟ್‌ನಲ್ಲಿ ಒಂದು ಮಳಿಗೆ ಕೊಂಡರು. ವ್ಯಾಪಾರ ಚೆನ್ನಾಗಿಯೇ ಕುದುರಿತು. ಆದರೆ ಬಾಡಿಗೆ ಕರಾರಿನಲ್ಲಿ ನವೀಕರಣದ ಷರತ್ತು ಇಲ್ಲದಿದ್ದುದನ್ನು ಅವರು ಗಮನಿಸಿರಲಿಲ್ಲ. ಐದು ವರ್ಷ ತುಂಬಿದ ಮೇಲೆ ಕಟ್ಟಡದ ಮಾಲೀಕ ಕರಾರು ಮುಂದುವರಿಸಲು ಒಪ್ಪದೆ, ಬೆಳೆಸಿದ ಅಂಗಡಿಯನ್ನು ಬಿಟ್ಟುಕೊಟ್ಟು ಬೆಂಟನ್‌ವಿಲ್‌ಗೆ ಹೋಗಿ ಮೊದಲಿನಿಂದ ಶುರುಮಾಡಬೇಕಾಯಿತು. ವ್ಯಾಪಾರದ ಅನುಭವ ಇದ್ದವರಿಗೇ ಹೀಗಾದರೆ, ಕಾಗದದಲ್ಲಿ ಬರೆದಿರುವುದನ್ನು ಎದುರಿನವನೂ ನನ್ನಂತೆಯೇ ನ್ಯಾಯವಾಗಿ ನಡೆಸಿಕೊಳ್ಳುತ್ತಾನೆ ಎಂದು ನಂಬಿದವರ ಗತಿ ಏನಾಗಬೇಡ.

ಇವರೆಲ್ಲರಿಗಿಂತ ನನಗೆ ಹೆಚ್ಚು ಇಷ್ಟವಾದ ಉದಾಹರಣೆ ಸೋನಿಯ ಅಕಿಯೊ ಮೊರಿಟಾ ಅವರದು. ಯುದ್ಧಕಾಲದಲ್ಲಿ ಜಪಾನಿನ ನೌಕಾಪಡೆಯಲ್ಲಿದ್ದ ಅವರು, ಅಲ್ಲಿನ ಸಂಶೋಧನಾ ಸಮಿತಿಯೊಂದರ ಕೆಲಸದಲ್ಲಿ ಪರಿಚಯವಾದ ಮಸಾರು ಇಬುಕಾ ಅವರ ಜೊತೆ ಸೇರಿ 1946ರಲ್ಲಿ ಕಂಪನಿ ಸ್ಥಾಪಿಸಿದರು. 1955ರಲ್ಲಿ ಟ್ರಾನ್ಸಿಸ್ಟರ್ ರೇಡಿಯೊ ಹಿಡಿದು ಅಮೆರಿಕಕ್ಕೆ ಹೋದಾಗ ಒಬ್ಬ ದೊಡ್ಡ ಗಿರಾಕಿ 5 ಸಾವಿರ, 10 ಸಾವಿರ, 30 ಸಾವಿರ, 50 ಸಾವಿರ, ಒಂದು ಲಕ್ಷ ರೇಡಿಯೊಗಳಿಗೆ ಬೇರೆ ಬೇರೆಯಾಗಿ ದರ ಕೇಳಿದ. ಹೆಚ್ಚು ಕೊಂಡರೆ ದರ ಇಳಿಯಬೇಕು ಎಂಬುದು ಲೋಕರೂಢಿ. ಮೊರಿಟಾ ಕೊಟ್ಟ ಪಟ್ಟಿಯಲ್ಲಿ 10 ಸಾವಿರಕ್ಕೆ ದರ ಇಳಿದು, ಅಲ್ಲಿಂದ ಮುಂದೆ ಏರುತ್ತಾ ಹೋಗಿ, ಒಂದು ಲಕ್ಷಕ್ಕೆ ಎಲ್ಲಕ್ಕಿಂತ ದುಬಾರಿಯಾಗಿತ್ತು. ಅಷ್ಟು ರೇಡಿಯೊ ಮಾಡಲು ಕಾರ್ಖಾನೆ ಹಿಗ್ಗಿಸಬೇಕು, ಜನರನ್ನು ತೆಗೆದುಕೊಳ್ಳಬೇಕು, ಮರುವರ್ಷ ಅಂಥದ್ದೇ ಆರ್ಡರ್ ಬರದಿದ್ದರೆ ಮುಳುಗಬೇಕು; ಆ ಅಪಾಯದ ಬೆಲೆಯನ್ನು ಅವರು ಈಗಲೇ ಸೇರಿಸಿದ್ದರು. ಗಿರಾಕಿ ಕೊನೆಗೆ ಕೊಂಡದ್ದು 10 ಸಾವಿರ. ಇಂಥ ಪಟ್ಟಿ ಬರೆಯುವ ಕಲೆ ಅವರಿಗೆ ನೌಕಾಪಡೆಯಲ್ಲಿ ಸಿಕ್ಕಿದ್ದಲ್ಲ. ತಲೆತಲಾಂತರದಿಂದ ಸಾಕೆ ಮದ್ಯ ತಯಾರಿಸುತ್ತಿದ್ದ ಮನೆತನದ ಹಿರಿಯ ಮಗ ಅವರು. ಹುಡುಗನಾಗಿದ್ದಾಗಲೇ ತಂದೆಯ ಪಕ್ಕದಲ್ಲಿ ಕೂತು ವ್ಯವಹಾರದ ಸಭೆಗಳನ್ನು ನೋಡಿದವರು.

ನಮಗೆಲ್ಲ ಪರಿಚಿತರಾದ ಕ್ಯಾಪ್ಟನ್ ಗೋಪಿನಾಥ್ ಅವರ ಕಥೆಯೂ ಬೇರೆಯಲ್ಲ. 1971ರ ಯುದ್ಧದಲ್ಲಿ ಪಾಲ್ಗೊಂಡು, ಸೇನೆ ಬಿಟ್ಟು, 2003ರಲ್ಲಿ ಏರ್ ಡೆಕ್ಕನ್ ಹಾರಿಸಿದರು ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ಆ ವಾಕ್ಯದ ನಡುವೆ ಎರಡು ದಶಕಗಳಿಗೂ ಹೆಚ್ಚು ಕಾಲ ಅಡಗಿದೆ; ಅದರಲ್ಲಿ ಬೇಸಾಯವಿದೆ, ರೇಷ್ಮೆಯಿದೆ, ಹಲವು ಸಣ್ಣಪುಟ್ಟ ವ್ಯಾಪಾರಗಳಿವೆ, 1997ರಲ್ಲಿ ಶುರುವಾದ ಹೆಲಿಕಾಪ್ಟರ್ ಕಂಪನಿಯಿದೆ. ಅವರ ನಿಜವಾದ ಉದ್ಯಮ ಶಾಲೆ ಅದು.

ಉಳಿದವರಿಗೆ ಅಷ್ಟು ಪುರುಸೊತ್ತು ಇರುವುದಿಲ್ಲ. ಸೈನಿಕ ನಿವೃತ್ತನಾಗುವುದು ಉಳಿದ ನೌಕರರಂತೆ ಅರವತ್ತರ ಆಸುಪಾಸಿನಲ್ಲಲ್ಲ. ಬಹುತೇಕ ಸೇನೆಗಳಲ್ಲಿ ಮೂವತ್ತೈದು ನಲವತ್ತರ ವಯಸ್ಸಿಗೇ ಹೊರಬರುವವರು ಬಹಳ. ಭಾರತದಲ್ಲಿ 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಂತೂ ನಾಲ್ಕು ವರ್ಷಗಳ ಸೇವೆಯ ನಂತರ ಉಳಿಯಬಹುದಾದವರು ಹೆಚ್ಚೆಂದರೆ ನೂರಕ್ಕೆ 25 ಮಂದಿ, ಮಿಕ್ಕವರು ಇಪ್ಪತ್ತರ ಹರೆಯದಲ್ಲೇ ಒಂದು ಇಡಿಗಂಟಿನೊಂದಿಗೆ ಹೊರಗೆ. ಆ ಇಡಿಗಂಟಿನ ಬಗ್ಗೆ ನನಗಿರುವ ಭಯವನ್ನು ಇಲ್ಲಿ ಹೇಳಲೇಬೇಕು. ಅದು ಬಂದ ಮೂರನೇ ತಿಂಗಳಿಗೆ ಯಂತ್ರವಾಗಿಯೋ ವಾಹನವಾಗಿಯೋ ಬದಲಾಗಿರುತ್ತದೆ, ಮೊದಲ ಗಿರಾಕಿ ಇನ್ನೂ ಸಿಕ್ಕಿರುವುದಿಲ್ಲ. ಸಕಲ ಸಾಮಗ್ರಿ ಸಜ್ಜಾದ ಮೇಲೆಯೇ ಕಾರ್ಯಾಚರಣೆಗೆ ಇಳಿಯಬೇಕೆಂಬುದು ಸೈನ್ಯದಲ್ಲಿ ಜಾಣತನ. ಉದ್ಯಮದಲ್ಲಿ ಅದೇ ಹಣವನ್ನು ಹೂತುಹಾಕುವ ದಾರಿ. ನಮ್ಮ ಜನರೇಟರ್ ಮೇಷ್ಟ್ರು ಕೂಡ (ಆ ಎಸ್ಟಿಮೇಟ್ ಬರೆದವರನ್ನು ನಾನು ಹಾಗೆಯೇ ಕರೆಯುವುದು) ಮೊದಲ ವರ್ಷ ಕೊಂಡ ಉಪಕರಣಗಳಲ್ಲಿ ಎರಡರ ಪ್ಯಾಕಿಂಗ್ ಇವತ್ತಿಗೂ ಬಿಚ್ಚಿಲ್ಲ.

ಸರ್ಕಾರಗಳು ಏನೂ ಮಾಡಿಲ್ಲ ಎನ್ನಲಾಗದು. ಅಮೆರಿಕದಲ್ಲಿ 1944ರ ಜೂನ್ 22ರಂದು ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ, ಮಾಜಿ ಸೈನಿಕರ ನೆರವಿನ ಕಾನೂನಾದ ಜಿಐ ಬಿಲ್‌ನಲ್ಲಿ ಓದಿನ ಖರ್ಚಿನ ಜೊತೆಗೆ ಮನೆ, ಜಮೀನು ಅಥವಾ ವ್ಯಾಪಾರಕ್ಕೆಂದು ಪಡೆದ ಸಾಲದ ಅರ್ಧಕ್ಕೆ, 2 ಸಾವಿರ ಡಾಲರ್ ಮಿತಿಯಲ್ಲಿ, ಸರ್ಕಾರದ ಖಾತರಿ ಇತ್ತು. ಯುದ್ಧದಿಂದ ಮರಳಿದವರು ಆ ಖಾತರಿಯನ್ನು ಎಲ್ಲಕ್ಕಿಂತ ಹೆಚ್ಚಾಗಿ ಬಳಸಿಕೊಂಡದ್ದು ಮನೆ ಕೊಳ್ಳಲು. ಮುಂದೆ 1999ರ ಕಾನೂನಿನ ಮೂಲಕ, ಸೇವೆಯಲ್ಲಿ ಅಂಗವಿಕಲರಾದ ಮಾಜಿ ಸೈನಿಕರ ಉದ್ಯಮಗಳಿಗೆ ಅಲ್ಲಿನ ಕೇಂದ್ರ ಸರ್ಕಾರದ ಗುತ್ತಿಗೆಗಳಲ್ಲಿ ನೂರಕ್ಕೆ 3ರಷ್ಟು ಪಾಲು ಕೊಡುವ ಗುರಿ ಇಟ್ಟರು, ಈಚೆಗೆ ಅದನ್ನು 5ಕ್ಕೆ ಏರಿಸಿದ್ದಾರೆ. ಸಾಲಕ್ಕಿಂತ ಇದು ಉತ್ತಮ ಎಂಬುದು ನನ್ನ ಅಭಿಪ್ರಾಯ. ಹೊಸ ಉದ್ಯಮಿಗೆ ಬ್ಯಾಂಕಿನ ಹಣಕ್ಕಿಂತ ಮೊದಲ ಗಿರಾಕಿ ದೊಡ್ಡ ಆಸರೆ. ಆದರೆ ಇಲ್ಲಿ ನಡೆದ ಒಂದು ವಿಪರ್ಯಾಸವನ್ನು ನೋಡಿ. ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2009ರಲ್ಲಿ ತನಿಖೆ ಮಾಡಿದಾಗ, ಅರ್ಹತೆಯೇ ಇಲ್ಲದ ಕಂಪನಿಗಳು ಇಂಥ ಗುತ್ತಿಗೆ ಪಡೆದಿದ್ದು ಬಯಲಿಗೆ ಬಂತು. ಕೆಲವು ಕಡೆ ಮಾಜಿ ಸೈನಿಕ ಕಾಗದದ ಮೇಲಷ್ಟೇ ಮಾಲೀಕ, ಕೆಲಸವೂ ಹಣವೂ ಬೇರೆಯವರದು. ‘ನಾನೇ ಅರ್ಹ’ ಎಂದು ಬರೆದುಕೊಟ್ಟರೆ ಸಾಕು ಎಂಬ ಪದ್ಧತಿ ಹೋಗಿ, ಸರ್ಕಾರವೇ ಪರಿಶೀಲಿಸಿ ಪ್ರಮಾಣಪತ್ರ ಕೊಡುವ ಹೊಣೆಯನ್ನು 2023ರಲ್ಲಿ ಅಲ್ಲಿನ ಸಣ್ಣ ಉದ್ಯಮಗಳ ಇಲಾಖೆಗೆ ವಹಿಸಲಾಯಿತು. ತನ್ನ ದುಡಿಮೆಗೆ ಬೆಲೆ ಕಟ್ಟಲು ಬಾರದ ಮನುಷ್ಯನ ಹೆಸರಿಗೆ ಬೆಲೆ ಕಟ್ಟಲು ಉಳಿದವರಿಗೆ ಎಷ್ಟು ಚೆನ್ನಾಗಿ ಬರುತ್ತದೆ.

ಕೆಲಸಗಾರರ ವಿಚಾರದಲ್ಲಿ ಹೇಳುವುದು ಹೆಚ್ಚಿಲ್ಲ. ಆಜ್ಞೆ ಮಾಡುವ ಅಭ್ಯಾಸ ಮೊದಲ ವರ್ಷ ಇಬ್ಬರು ಮೂವರನ್ನು ಓಡಿಸುತ್ತದೆ, ಎರಡನೇ ವರ್ಷಕ್ಕೆ ತಾನಾಗಿ ತಗ್ಗುತ್ತದೆ.

ಸೇನೆಯಿಂದ ಇವರು ತರುವ ಒಂದು ಪದ್ಧತಿಯನ್ನು ಮಾತ್ರ ನಾನು ಬೇರೆ ಉದ್ಯಮಿಗಳಿಗೂ ಹೇಳಿಕೊಡುತ್ತಿದ್ದೇನೆ. 1970ರ ದಶಕದಲ್ಲಿ ಅಮೆರಿಕದ ಸೇನೆ ರೂಪಿಸಿ, ಈಗ ಹಲವು ಸೇನೆಗಳಲ್ಲಿ ಬಳಕೆಯಲ್ಲಿರುವ ಕಾರ್ಯಾಚರಣೋತ್ತರ ವಿಮರ್ಶೆ ಅದು. ಕೆಲಸ ಮುಗಿದ ಕೂಡಲೇ ಹಿರಿಯ ಕಿರಿಯರೆನ್ನದೆ ಕೂತು, ಏನಾಗಬೇಕಿತ್ತು, ಏನಾಯಿತು, ಏಕೆ ಹಾಗಾಯಿತು, ಮುಂದಿನ ಸಲ ಏನು ಮಾಡೋಣ ಎಂದು ಕೇಳಿಕೊಳ್ಳುತ್ತಾರೆ. ನಮ್ಮ ಮೇಷ್ಟ್ರು ಪ್ರತಿ ರಿಪೇರಿಯ ನಂತರ ತಮ್ಮ ಇಬ್ಬರು ಹುಡುಗರ ಜೊತೆ ನಿಂತುಕೊಂಡೇ ಇದನ್ನು ನಡೆಸುತ್ತಾರೆ, ತಮ್ಮ ತಪ್ಪನ್ನೇ ಮೊದಲು ಹೇಳುತ್ತಾರೆ. ಒಮ್ಮೆ ರಿಪೇರಿಯಾದ ಯಂತ್ರ ಅದೇ ದೋಷಕ್ಕೆ ಅವರ ಬಳಿಗೆ ಮರಳಿದ್ದನ್ನು ನಾನು ಲೆಕ್ಕದಲ್ಲಿ ಕಂಡಿಲ್ಲ. ಆ ನಾಲ್ಕು ಪ್ರಶ್ನೆಗಳ ಕೆಳಗೆ ‘ಎಷ್ಟು ಉಳಿಯಿತು’ ಎಂಬ ಐದನೆಯದನ್ನು ಸೇರಿಸಿ ಎಂದು ನಾನು ಹೇಳಿದಾಗ ಅವರು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಹುಡುಗರ ಮುಂದೆ ಅದನ್ನು ಕೇಳಲು ಅವರಿಗೆ ಎರಡು ತಿಂಗಳು ಬೇಕಾಯಿತು.

ನಿವೃತ್ತಿಯ ಹೊಸ್ತಿಲಲ್ಲಿರುವ ಸೈನಿಕರಿಗಾಗಿ ನಡೆಯುವ ತರಬೇತಿಗಳಲ್ಲಿ ಪ್ರಾಜೆಕ್ಟ್ ರಿಪೋರ್ಟ್ ಬರೆಯುವುದನ್ನು ಕಲಿಸುವ ಸಮಯದಲ್ಲಿ ಅರ್ಧವನ್ನಾದರೂ ತಮ್ಮ ಕೆಲಸಕ್ಕೆ ಬೆಲೆ ಹೇಳುವುದನ್ನು ಕಲಿಸಲು ಕೊಡಬೇಕೆಂದು ನನ್ನ ಬೇಡಿಕೆ. ರಿಪೋರ್ಟ್ ಬರೆಯಲು ಅವರಿಗೆ ಯಾರೂ ಕಲಿಸಬೇಕಿಲ್ಲ, ಜೀವಮಾನವಿಡೀ ಅದನ್ನೇ ಮಾಡಿದ್ದಾರೆ. ಅಮೆರಿಕದ ಸೇನೆಯಲ್ಲಿ ಸೇವೆಯ ಕೊನೆಯ 180 ದಿನಗಳ ಅವಧಿಯಲ್ಲಿ ಹೊರಗಿನ ಕಂಪನಿಗಳಲ್ಲಿ ದುಡಿದು ಅನುಭವ ಪಡೆಯಲು ಅವಕಾಶವಿದೆ, ಸೇನೆಯ ಸಂಬಳ ನಿಲ್ಲುವುದಿಲ್ಲ. ಅಂಥ ಅವಕಾಶ ಎಲ್ಲ ಕಡೆ ಇರಬೇಕು, ಮತ್ತು ಉದ್ಯಮ ಮಾಡಬೇಕೆಂದವರು ಅದನ್ನು ದೊಡ್ಡ ಕಂಪನಿಯ ಹವಾನಿಯಂತ್ರಿತ ಕೋಣೆಯಲ್ಲಿ ಕಳೆಯದೆ, ನಾಲ್ಕು ಜನ ಕೆಲಸ ಮಾಡುವ ಸಣ್ಣ ಘಟಕದಲ್ಲಿ, ಚೌಕಾಸಿ ನಡೆಯುವ ಮೇಜಿನ ಹಿಂದೆ ಕಳೆಯಬೇಕು. ಗಿರಾಕಿ ಮುಖ ಸಿಂಡರಿಸಿದಾಗ ಮಾಲೀಕ ಹೇಗೆ ಸುಮ್ಮನಿರುತ್ತಾನೆ, ಎಲ್ಲಿ ಬಿಟ್ಟುಕೊಡುತ್ತಾನೆ, ಎಲ್ಲಿ ಎದ್ದು ನಿಲ್ಲುತ್ತಾನೆ ಎಂಬುದನ್ನು ಆರು ತಿಂಗಳು ಕಣ್ಣಾರೆ ನೋಡಬೇಕು.

ಕಳೆದ ತಿಂಗಳು ಮೇಷ್ಟ್ರು ಕಳಿಸಿದ ಎಸ್ಟಿಮೇಟ್ ನನ್ನ ಮೇಜಿನ ಮೇಲಿದೆ. ಬಿಡಿಭಾಗಗಳ ಮೇಲೆ ಸಣ್ಣದೊಂದು ಲಾಭ ಸೇರಿದೆ. ಕೂಲಿಯ ಮುಂದೆ ಒಂದು ಸಂಖ್ಯೆಯೂ ಇದೆ, ಉಳಿದ ಸಾಲುಗಳಿಗಿಂತ ಕೊಂಚ ಚಿಕ್ಕ ಅಕ್ಷರದಲ್ಲಿ. ಯಂತ್ರ ನೋಡಲು ಎರಡು ಸಲ ಹೋಗಿಬಂದ ಓಡಾಟದ ಖರ್ಚನ್ನು ಮಾತ್ರ ಹಾಕಿಲ್ಲ. ಫೋನ್ ಮಾಡಿ ಕೇಳಿದರೆ, ‘ಅದನ್ನೂ ಕೇಳುವುದೇ ಸಾರ್?’ ಎಂದರು.