ಗೋಡೆಯೂ ಒಪ್ಪಬೇಕು

ಯಾರಾದರೂ ಸುಳಿದರೆ ತಾನೇ ದೀಪ ಹಚ್ಚುವ ಸೆನ್ಸರ್ ಬೆನ್ನಿಗೆ ಅಂಟುಪಟ್ಟಿ ಕಟ್ಟಿಕೊಂಡೇ ಬರುತ್ತದೆ. ಕಾಗದ ಸುಲಿ, ಗೋಡೆಗೆ ಒತ್ತು, ಮುಗಿಯಿತು ಎಂದು ಡಬ್ಬಿಯ ಮೇಲಿನ ಚಿತ್ರ ಹೇಳುತ್ತದೆ. ಆ ಚಿತ್ರ ಬರೆದವ ಶಿರಸಿ ಸೀಮೆಯ ಹಳೇ ಮನೆಯ ಗೋಡೆ ಕಂಡಿರಲಿಕ್ಕಿಲ್ಲ.

ನಮ್ಮದು ಚಿರೆಕಲ್ಲು, ಅದಕ್ಕೆ ಗಾರೆ, ಅದರ ಮೇಲೆ ಹಬ್ಬಹಬ್ಬಕ್ಕೂ ಬಳಿದ ಸುಣ್ಣ. ಅಂಟು ಗಟ್ಟಿಯೇ, ಸಂಶಯವಿಲ್ಲ. ಆದರೆ ಅದು ಹಿಡಿಯುವುದು ಗೋಡೆಯನ್ನಲ್ಲ, ಸುಣ್ಣದ ಮೇಲುಪದರವನ್ನು. ಆಷಾಢದ ಥಂಡಿಗೆ ಗೋಡೆ ಬೆವರಿತೋ, ಸೆನ್ಸರ್ ಚಕ್ಕೆ ಸಮೇತ ಜಗುಲಿಗೆ ಇಳಿಯುತ್ತದೆ. ಅಡುಗೆಮನೆಯ ಟೈಲ್ಸಾದರೆ ಬೇರೆ ಮಾತು: ಜಿಡ್ಡನ್ನು ಸ್ಪಿರಿಟ್‌ನಿಂದ ಒರೆಸಿ, ಒಣಗಿಸಿ, ಬಲವಾಗಿ ಒತ್ತಿದರೆ ಕೂರುತ್ತದೆ.

ಡ್ರಿಲ್ ಹಿಡಿದರೂ ಚಿರೆಕಲ್ಲು ಸುಲಭಕ್ಕೆ ಬಗ್ಗುವುದಿಲ್ಲ. ಕೆಂಪು ಪುಡಿ ಸುರಿಸುತ್ತ ತೂತು ಅಗಲವಾಗುತ್ತದೆ, ಸ್ಕ್ರೂ ಕಚ್ಚಲೆಂದು ತೂತಿಗೆ ತುರುಕುವ ಪ್ಲಾಸ್ಟಿಕ್ ಪ್ಲಗ್ಗು ಒಳಗೇ ಗಿರಗಿರ ತಿರುಗುತ್ತದೆ. ಸಣ್ಣ ಡ್ರಿಲ್ ಬಿಟ್, ಉದ್ದನೆಯ ಪ್ಲಗ್ಗು, ಸುತ್ತಿಗೆ ಹೊಡೆತ ಇಲ್ಲದ ನಿಧಾನದ ಕೊರೆತ ಬೇಕು. ಸ್ವಿಚ್ ಬೋರ್ಡಿನ ನೇರ ಮೇಲೆ ಕೊರೆಯುವವರ ಧೈರ್ಯವಂತೂ ನನಗಿಲ್ಲ. ವೈರಿನ ಪೈಪು ಹೆಚ್ಚಾಗಿ ಅದೇ ದಾರಿಯಲ್ಲಿ ಇಳಿದಿರುತ್ತದೆ. ಕಾರವಾರದವರಿಗೆ ಇನ್ನೊಂದು ಕಾಟ, ಉಪ್ಪುಗಾಳಿ. ಅಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಅಲ್ಲದಿದ್ದರೆ ಗೋಡೆಯ ಮೇಲೆ ತುಕ್ಕಿನ ಗೆರೆ ಇಳಿಯುತ್ತದೆ.

ಸ್ಕ್ರೂವನ್ನು ನಿಜಕ್ಕೂ ಪ್ರೀತಿಯಿಂದ ಹಿಡಿಯುವುದು ಹಲಸಿನ ಕಂಬ. ಆದರೆ ಅದಕ್ಕೆ ತೂತು ಕೊರೆಯಲು ಮನೆಯ ಹಿರಿಯರ ಒಪ್ಪಿಗೆ ಬೇಕು. ಪಂಚಾಯತಿಯ ಪರವಾನಗಿ ಅದಕ್ಕಿಂತ ಬೇಗ ಸಿಗುತ್ತದೆ.

ಎಲ್ಲಿ ಹಾಕಬೇಕೆಂಬುದು ಮತ್ತೊಂದು ರಾಮಾಯಣ. ಸುಳಿದಾಟ ನೋಡುವ ಸೆನ್ಸರ್ ಹಿಡಿಯುವುದು ಮೈಶಾಖದ ಚಲನೆಯನ್ನು. ಎರಡು ಮೀಟರ್ ಚಿಲ್ಲರೆ ಎತ್ತರದಲ್ಲಿ, ಜನ ಅಡ್ಡ ಹಾಯುವಂತೆ ಇಟ್ಟರೆ ಚೆನ್ನಾಗಿ ಕಾಣುತ್ತದೆ. ಎದುರಿಂದ ನೆಟ್ಟಗೆ ಬರುವವರನ್ನು ತಡವಾಗಿ ಗುರುತಿಸುತ್ತದೆ. ಬಚ್ಚಲ ಒಲೆಗೆ ಮುಖ ಮಾಡಿ ಇಟ್ಟರೆ ಯಾರೂ ಇಲ್ಲದೆಯೂ ದೀಪ ಹತ್ತೀತು. ಸಿಲಿಂಡರಿನ ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಡುತ್ತದೆ. ಅದರ ಸೆನ್ಸರ್ ನೆಲದಿಂದ ಸುಮಾರು 30 ಸೆಂಟಿಮೀಟರ್ ಮೇಲೆ, ಬೆಕ್ಕಿನ ಮೂತಿಯ ಮಟ್ಟಕ್ಕೆ ಇರಬೇಕು. ಹೊಗೆ ಹಿಡಿಯುವ ಸೆನ್ಸರ್ ಮಾತ್ರ ಮೇಲೆ, ಮಾಡಿನ ಒಳಬದಿಗೆ.

ಆ ಹೊಗೆಯದನ್ನು ಕಟ್ಟಿಗೆ ಒಲೆಯ ಮೇಲೆ ಹಾಕಿದರೆ ಬೆಳಗಿನ ತೆಳ್ಳೇವು, ಅಂದರೆ ತೆಳು ದೋಸೆ, ಮುಗಿಯುವವರೆಗೂ ಅರಚುತ್ತಲೇ ಇರುತ್ತದೆ. ಆಯಿಯನ್ನು ಕೇಳಿದ್ದೆ. “ಅದೆಲ್ಲ ಬ್ಯಾಡ ತಮಾ, ಯಂಗೆ ಮೂಗಿದ್ದು” ಅಂದಳು, ತನಗೆ ಮೂಗಿದೆಯಲ್ಲ ಎಂದು. ಗ್ಯಾಸಿನದಕ್ಕೆ ಮಾತ್ರ ಜಾಗ ತಾನೇ ತೋರಿಸಿದಳು.