ರೈಲ್ವೆ ಲೆಕ್ಕದಲ್ಲಿ ನಾನು ಬರೀ ಕಾಲು

ನಮ್ಮ ಮನೆಯಿಂದ ಪೇಟೆಗೆ ಹೋಗ್ಬೇಕಾದ್ರೆ ಒಂದು ರೈಲ್ವೆ ಗೇಟ್ ದಾಟ್ಬೇಕು. ಯಾವ ಗೇಟ್ ಅಂತ ಹೇಳುದಿಲ್ಲ, ಮಂಗಳೂರಿನವರಿಗೆ ಹೇಳುವ ಅಗತ್ಯವೂ ಇಲ್ಲ, ಯಾಕಂದ್ರೆ ಇಲ್ಲಿ ಪ್ರತಿಯೊಬ್ಬರಿಗೂ ಅವರವರದ್ದೇ ಅಂತ ಒಂದು ಗೇಟ್ ಉಂಟು. ನಾನು ಈ ಗೇಟಲ್ಲಿ ನಿಂತ ಟೈಮನ್ನೆಲ್ಲ ಒಟ್ಟು ಹಾಕಿದ್ರೆ ಒಂದು ಪಿಎಚ್‌ಡಿ ಮುಗೀತಿತ್ತು, ಅದೂ ಗೈಡ್ ರಜೆಯಲ್ಲಿದ್ರೂ.

ಮೊನ್ನೆ ಭಾನುವಾರ ಹೀಗೇ ಸ್ಕೂಟರ್ ಆಫ್ ಮಾಡಿ ನಿಂತಿದ್ದೆ, ಹ್ಯಾಂಡಲಿನಲ್ಲಿ ಒಂದು ಕಿಲೋ ಬಂಗುಡೆ, ಮೇಲೆ ಬಿಸಿಲು, ಗೇಟ್ ಬಿದ್ದು ಹತ್ತು ನಿಮಿಷ ಆಗಿದೆ, ರೈಲಿನ ಸುದ್ದಿಯೇ ಇಲ್ಲ. ಇಂಥ ಹೊತ್ತಲ್ಲಿ ಮೊಬೈಲ್ ನೋಡದೆ ಬೇರೆ ಎಂತ ಕೆಲಸ. ನೋಡ್ತಾ ನೋಡ್ತಾ ಅಮೆರಿಕದ ಒಂದು ವಿಡಿಯೋ ಬಂತು, ಹಳೇ ಕಾಲದ ಗೇಟ್ ಸಿಗ್ನಲ್, ಹೆಸರು ವಿಗ್‌ವ್ಯಾಗ್ ಅಂತೆ. ಕಂಬದಲ್ಲಿ ಒಂದು ದೊಡ್ಡ ತಟ್ಟೆ, ತಟ್ಟೆಯ ನಡುವೆ ಕೆಂಪು ಲೈಟ್, ರೈಲು ಬರುವಾಗ ಗಂಟೆ ಹೊಡ್ಕೊಂಡು ಗಡಿಯಾರದ ಲೋಲಕದ ಹಾಗೆ ಆಚೆ ಈಚೆ ತೂಗ್ತದೆ. ಮೊದಲೆಲ್ಲ ಗೇಟಲ್ಲಿ ಒಬ್ಬ ಮನುಷ್ಯ ನಿಂತು ಲಾಟೀನು ಬೀಸ್ತಿದ್ದನಲ್ಲ, ಅದನ್ನೇ ಮಿಷಿನಿಗೆ ಕಲಿಸಿದ್ದು. 1909ರಲ್ಲಿ ಕ್ಯಾಲಿಫೋರ್ನಿಯಾದ ಪೆಸಿಫಿಕ್ ಎಲೆಕ್ಟ್ರಿಕ್ ಅನ್ನುವ ರೈಲು ಕಂಪನಿಯ ಇಂಜಿನಿಯರ್ ಆಲ್ಬರ್ಟ್ ಹಂಟ್ ಮಾಡಿದ್ದಂತೆ. ಆಮೇಲೆ ಎರಡು ಕೆಂಪು ಲೈಟ್ ಒಂದಾದ ಮೇಲೊಂದು ಮಿಣಮಿಣ ಮಾಡುವ ಸಿಗ್ನಲ್ ಬಂದು ಇದು ಮೂಲೆ ಸೇರಿತು, ಆದ್ರೂ ಅಲ್ಲೊಂದು ಇಲ್ಲೊಂದು ಈ ಶತಮಾನದಲ್ಲೂ ತೂಗ್ತಾ ಇತ್ತು, ಅದನ್ನು ನೋಡ್ಲಿಕ್ಕೆ, ಫೋಟೋ ತೆಗೀಲಿಕ್ಕೆ ಅಂತಲೇ ಜನ ದೂರದಿಂದ ಕಾರು ಓಡಿಸಿಕೊಂಡು ಬರ್ತಿದ್ರು. ಹಾಗೆ ತುಂಬಾ ಕಾಲ ಉಳಿದದ್ದರಲ್ಲಿ ಒಂದು ಕೊಲರಾಡೋದಲ್ಲಿ ಇತ್ತು. ಊರಿನ ಹೆಸರು ಎಂತ ಗೊತ್ತುಂಟಾ? ಡೆಲ್ಲಿ. ನಾನು ಹುಟ್ಟಿಸಿ ಹೇಳುದಲ್ಲ ಮಾರಾಯ್ರೆ. ಅಮೆರಿಕದಲ್ಲೂ ಹಳೇ ಸಿಗ್ನಲ್ ಬದಲಾಗದೆ ಬಾಕಿ ಆದದ್ದು ಡೆಲ್ಲಿಯಲ್ಲೇ.

ಅವರಿಗೆ ಹಳೇ ಸಿಗ್ನಲ್ ನೋಡ್ಲಿಕ್ಕೆ ಪೆಟ್ರೋಲ್ ಸುಟ್ಟು ಹೋಗ್ಬೇಕು. ನಮಗೆ ದಿನಕ್ಕೆ ನಾಲ್ಕು ಸಲ ಪುಕ್ಕಟೆ ದರ್ಶನ. ನಮ್ಮ ಗೇಟಿನ ಕೆಂಪು ತಟ್ಟೆ ಮಳೆಗಾಲ ತಿಂದು ತಿಂದು ಈಗ ದಾಸವಾಳದಿಂದ ಬೀಟ್‌ರೂಟ್ ಹಲ್ವದ ಕಲರಿಗೆ ಬಂದಿದೆ. ಗೇಟ್ ಏಳ್ಬೇಕಾದ್ರೆ ಗೇಟ್ ಕಾಯುವ ಅಣ್ಣ ಬಂದು ಬಾವಿಯಿಂದ ನೀರು ಸೇದುವ ಹಾಗೆ ಹ್ಯಾಂಡಲ್ ತಿರುಗಿಸ್ಬೇಕು. ಎಲ್ಲಿಯಾದ್ರೂ ಟಿಪ್ಪರಿನವ ಗುದ್ದಿ ಕಂಬ ಮುರಿದ್ರೆ ಅದಕ್ಕೂ ವ್ಯವಸ್ಥೆ ಉಂಟು, ಸರಪಳಿ. ರಸ್ತೆಗೆ ಅಡ್ಡ ಸರಪಳಿ ಕಟ್ಟುದು, ನಡುವೆ ಕೆಂಪು ಬೋರ್ಡ್ ತೂಗು ಹಾಕುದು, ಆಯ್ತು.

ಅಣ್ಣನ ಗೂಡಿನೊಳಗೆ ಒಂದು ಫೋನ್ ಉಂಟು. ಸ್ಟೇಷನ್ ಮಾಸ್ಟ್ರು ರೈಲು ಬರ್ತದೆ ಅಂತ ಹೇಳ್ತಾರೆ, ಅಣ್ಣ ಗೇಟ್ ಹಾಕಿ, ಹಾಕಿ ಆಯ್ತು ಅನ್ನುದಕ್ಕೆ ಖಾತ್ರಿಯಾಗಿ ಒಂದು ನಂಬರ್ ಹೇಳ್ತಾರೆ, ಪ್ರೈವೇಟ್ ನಂಬರ್ ಅಂತ ಅದಕ್ಕೆ ಹೆಸರು, ಇಬ್ಬರೂ ಬುಕ್ಕಲ್ಲಿ ಬರ್ಕೊಳ್ತಾರೆ. ಬ್ಯಾಂಕಿನವರು ಒಟಿಪಿ ಅಂತ ಈಗ ದೊಡ್ಡ ವಿಷಯ ಮಾಡುದಲ್ವಾ, ರೈಲ್ವೆಯವರು ಅದನ್ನು ನಮ್ಮ ಅಜ್ಜನ ಕಾಲದಲ್ಲೇ ಮಾಡಿ ಮುಗಿಸಿದ್ದಾರೆ, ಅದೂ ನೆಟ್‌ವರ್ಕ್ ಹೋಗುವ ಕಿರಿಕಿರಿ ಇಲ್ಲದೆ. 2023ರ ಡಿಸೆಂಬರಲ್ಲಿ ಮಂಗಳೂರಿಂದ ಮಡಗಾಂವಿಗೆ ವಂದೇ ಭಾರತ್ ಶುರು ಆಯ್ತು, ಬಾಗಿಲು ತನ್ನಷ್ಟಕ್ಕೆ ತೆರೀತದೆ, ಸೀಟು ತಿರುಗ್ತದೆ, ಎಲ್ಲ ಉಂಟು. ಅಂಥ ರೈಲಿಗೂ ಇಂಥ ಗೇಟ್ ಸಿಕ್ಕಿದ್ರೆ, ಹಗಲಿಗೆ ಎರಡು ಬಾವುಟ ರಾತ್ರಿಗೆ ಒಂದು ಲೈಟ್ ಇಟ್ಕೊಂಡ ಅಣ್ಣ ಹ್ಯಾಂಡಲ್ ತಿರುಗಿಸಿ ನಂಬರ್ ಹೇಳಿದ ಮೇಲೆಯೇ ದಾರಿ. ನನಗೆ ಇದರಲ್ಲಿ ಬೇಜಾರಿಲ್ಲ, ಸತ್ಯ ಹೇಳ್ಬೇಕಾದ್ರೆ ಇಡೀ ಏರಿಯಾದಲ್ಲಿ ಒಂದು ದಿನವೂ ‘ಸರ್ವರ್ ಡೌನ್’ ಅಂತ ಹೇಳದ ಸರ್ಕಾರಿ ವ್ಯವಸ್ಥೆ ಇದ್ರೆ ಅದು ಆ ಹ್ಯಾಂಡಲ್ ಒಂದೇ.

ಹಳಿ ಬದಿಯಲ್ಲಿ ಒಂದು ಹಳದಿ ಬೋರ್ಡ್ ಉಂಟು, ‘ಡಬ್ಲ್ಯು ಎಲ್’ ಅಂತ ಬರೆದದ್ದು, ಹಿಂದಿಯಲ್ಲಿ ‘ಸೀ ಫಾ’. ಸೀಟಿ, ಫಾಟಕ್. ಮುಂದೆ ಗೇಟ್ ಉಂಟು, ಸೀಟಿ ಹೊಡಿ ಅಂತ ಡ್ರೈವರಿಗೆ ಹೇಳುದು. ನಾನು ಸಣ್ಣದಿರುವಾಗಿಂದ ಅದು ವೇಟಿಂಗ್ ಲಿಸ್ಟ್ ಅಂತಲೇ ತಿಳ್ಕೊಂಡಿದ್ದೆ, ಗೇಟಲ್ಲಿ ನಿಂತವರಿಗೋಸ್ಕರ ಹಾಕಿದ್ದು ಅಂತ. ಅರ್ಥ ಗೊತ್ತಾದ ಮೇಲೂ ಅಭಿಪ್ರಾಯ ಬದಲಾಗ್ಲಿಲ್ಲ.

ಈ ಊರಿಗೆ ರೈಲು ಬಂದದ್ದು 1907ರಲ್ಲಿ. ಈಗ ಮೂರು ರೈಲ್ವೆ ಸೇರುವ ಜಾಗ ಇದು: ಸೆಂಟ್ರಲ್ ಸ್ಟೇಷನ್ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದ್ದು, ಪಡೀಲಿನಿಂದ ಘಟ್ಟದ ಕಡೆ ಹೋದ್ರೆ ನೈಋತ್ಯ ರೈಲ್ವೆಯ ಮೈಸೂರು ವಿಭಾಗ, ತೋಕೂರು ದಾಟಿದ್ರೆ ಕೊಂಕಣ ರೈಲ್ವೆ. ಮೂರು ಮನೆಯವರು ಊಟಕ್ಕೆ ಕರೆದವ ಹಸಿದು ಮಲಗಿದ ಕತೆ. ನನ್ನ ಗೇಟ್ ಇವರಲ್ಲಿ ಯಾರದ್ದು ಅಂತ ಕೇಳ್ಬೇಡಿ, ನಾನು ಇನ್ನೂ ಅದೇ ಗೇಟ್ ದಾಟಿ ಜೀವನ ಮಾಡ್ಬೇಕು.

ಈಗ ಮುಖ್ಯ ವಿಷಯಕ್ಕೆ ಬರುವ. ಮೇಲ್ಸೇತುವೆ ಯಾಕೆ ಆಗುದಿಲ್ಲ ಅಂತ ಒಬ್ಬರು ರಿಟೈರ್ ಆದ ರೈಲ್ವೆ ಮಾಮನ ಹತ್ರ ಕೇಳಿದೆ. ಅವರು ಚಾ ಕುಡಿದು ಮುಗಿಸಿ ಒಂದೇ ಮಾತು ಹೇಳಿದ್ರು, ‘ಟಿವಿಯು ಸಾಕಾಗುದಿಲ್ಲ ಮಗಾ.’ ನಾನು ಟಿವಿ ಅಂತ ಗ್ರಹಿಸಿದೆ. ಅಲ್ಲ, ಟ್ರೈನ್ ವೆಹಿಕಲ್ ಯೂನಿಟ್. ದಿನಕ್ಕೆ ಎಷ್ಟು ರೈಲು, ಎಷ್ಟು ಗಾಡಿ, ಎರಡನ್ನೂ ಗುಣಿಸುದು, ಒಂದು ಲಕ್ಷ ದಾಟಿದ್ರೆ ರೈಲ್ವೆಯವರು ಮತ್ತು ರಾಜ್ಯ ಸರ್ಕಾರ ಖರ್ಚು ಹಂಚಿಕೊಂಡು ಸೇತುವೆ ಕಟ್ಟುದು, ವರ್ಷಗಳಿಂದ ಇದೇ ಲೆಕ್ಕ. ಇಷ್ಟರವರೆಗೆ ಸರಿ. ಆದ್ರೆ ಗಾಡಿ ಎಣಿಸುವ ಕ್ರಮ ಕೇಳಿ. ಬಸ್ಸು, ಲಾರಿ, ಕಾರು ಒಂದೊಂದು ಯೂನಿಟ್. ರಿಕ್ಷಾ ಅರ್ಧ. ಸ್ಕೂಟರ್, ಬೈಕ್ ಕಾಲು. ಎತ್ತಿನಗಾಡಿ? ಒಂದು! ಪೂರ್ತಿ ಒಂದು! ಅಂದ್ರೆ ಅರವತ್ತು ಜನ ನೇತಾಡಿಕೊಂಡು ಹೋಗುವ ಸಿಟಿ ಬಸ್ಸೂ, ಎರಡು ಎತ್ತು ಎಳೆಯುವ ಗಾಡಿಯೂ ರೈಲ್ವೆಯ ಕಣ್ಣಿಗೆ ಸಮಾನ. ನಾನು, ಹಿಂದೆ ಕೂತ ಹೆಂಡತಿ, ನಡುವೆ ನಿಂತ ಮಗಳು, ಕಾಲಡಿಯಲ್ಲಿ ಕೊಚ್ಚಕ್ಕಿ ಚೀಲ, ಹ್ಯಾಂಡಲಲ್ಲಿ ಬಂಗುಡೆ, ಒಟ್ಟು ಎಲ್ಲ ಸೇರಿ ಕಾಲು. ಬುಟ್ಟಿ ಹೊತ್ಕೊಂಡು ಗೇಟಿನ ಅಡಿಯಿಂದ ನುಸುಳಿ ಹೋಗುವ ಮೀನಿನ ಅಕ್ಕ ಎಷ್ಟು ಅಂತ ನಾನು ಕೇಳ್ಲಿಲ್ಲ, ಧೈರ್ಯ ಬರ್ಲಿಲ್ಲ.

ಲೆಕ್ಕ ಹಾಕಿ ನೋಡಿ. ಒಂದು ಗೇಟಲ್ಲಿ ದಿನಕ್ಕೆ 40 ರೈಲು ಅಂತ ಇಟ್ಕೊಂಡ್ರೆ ಲಕ್ಷ ಆಗ್ಲಿಕ್ಕೆ 2,500 ಯೂನಿಟ್ ಗಾಡಿ ಬೇಕು. ಸ್ಕೂಟರಲ್ಲಿ ಹೇಳುದಾದ್ರೆ 10,000. ಮಂಗಳೂರಲ್ಲಿ ಸ್ಕೂಟರಿಗೆ ಎಂತ ಬರಗಾಲ, ಆಗ್ತದೆ ಅಂತ ನೀವು ಹೇಳಬಹುದು. ಅಲ್ಲೇ ಇರುದು ಚಂದ. ಗೇಟ್ ಯಾವಾಗ್ಲೂ ಬಿದ್ದೇ ಇರ್ತದೆ ಅಂತ ಅರ್ಧ ಜನ ಆಗಲೇ ಬೇರೆ ದಾರಿ ಹಿಡಿದಿದ್ದಾರೆ, ಕಾರಿನವರು ಸುತ್ತು ಹಾಕಿ ಹೋಗ್ತಾರೆ, ಬಸ್ಸಿನವರು ರೂಟ್ ಬದಲಿಸಿದ್ದಾರೆ. ಹಾಗಾಗಿ ಎಣಿಸುವಾಗ ಗಾಡಿ ಕಮ್ಮಿ. ಗಾಡಿ ಕಮ್ಮಿ ಇದೆಯಲ್ಲ, ಸೇತುವೆ ಯಾಕೆ? ಸೇತುವೆ ಇಲ್ಲ, ಗೇಟ್ ಬೀಳ್ತದೆ. ಗೇಟ್ ಬೀಳ್ತದೆ, ಇನ್ನೂ ನಾಲ್ಕು ಜನ ಬೇರೆ ದಾರಿ ನೋಡ್ತಾರೆ. ಹೋಟೆಲಿಗೆ ಗಿರಾಕಿ ಬರುದಿಲ್ಲ ಅಂತ ಅಡುಗೆ ನಿಲ್ಲಿಸಿ, ಅಡುಗೆ ಇಲ್ಲದ್ದಕ್ಕೆ ಗಿರಾಕಿ ಬರ್ಲಿಲ್ಲ ಅಂತ ರಿಪೋರ್ಟ್ ಬರೆದ ಹಾಗೆ.

ಇದಕ್ಕೆ ನನ್ನ ಹತ್ರ ಉಪಾಯ ಉಂಟು, ಎತ್ತಿನಗಾಡಿ. ಕರಾವಳಿಯ ಈ ಏರು ತಗ್ಗಲ್ಲಿ ಎತ್ತಿನಗಾಡಿ ಎಲ್ಲಿಂದ ತರುದು ಅಂತ ಕೇಳಿದ್ರೆ, ನಮ್ಮಲ್ಲಿ ಕಂಬಳದ ಕೋಣ ಉಂಟಲ್ಲ, ಮಾರ್ಚ್ ಕಳೆದ ಮೇಲೆ ಅವಕ್ಕೆ ಎಂತ ಕೆಲಸ? ಜೋಡಿ ಕೋಣಕ್ಕೊಂದು ಗಾಡಿ ಕಟ್ಟಿ ಗೇಟಿನ ಆಚೆ ಈಚೆ ಓಡಿಸುದು. ಕಂಬಳದ ಸ್ಪೀಡಲ್ಲಿ ಓಡಿದ್ರೆ ಒಂದು ಗಾಡಿ ದಿನಕ್ಕೆ ಇನ್ನೂರು ಸಲ ದಾಟ್ತದೆ, ಹದಿಮೂರು ಜೋಡಿ ಸಾಕು, ಸೇತುವೆ ಮಂಜೂರು. ಮಾಮನ ಹತ್ರ ಹೇಳಿದೆ. ಅವರು ಗಂಭೀರವಾಗಿ ಯೋಚನೆ ಮಾಡಿ, ‘ಕೋಣದ್ದಾದ್ರೆ ಎತ್ತಿನಗಾಡಿ ಅಂತ ಬರೀಲಿಕ್ಕೆ ಆಗ್ತದಾ ಇಲ್ವಾ, ಸರ್ಕ್ಯುಲರ್ ನೋಡ್ಬೇಕು’ ಅಂದ್ರು. ನಲವತ್ತು ವರ್ಷದ ಸರ್ವಿಸ್ ಅಂದ್ರೆ ಸುಮ್ಮನೆಯಾ.

ಅಷ್ಟು ಕಷ್ಟ ಬೇಡ ಅನ್ನುದಾದ್ರೆ ಇನ್ನೊಂದು ದಾರಿ, ಜಿಐ ಟ್ಯಾಗ್, ಅಂದ್ರೆ ಇದು ಈ ಊರಿನದ್ದೇ ವಿಶೇಷ ಅಂತ ಸರ್ಕಾರ ಕೊಡುವ ಗುರುತು. ಉಡುಪಿ ಮಲ್ಲಿಗೆಗೆ ಸಿಕ್ಕಿದೆ, ಮಟ್ಟು ಗುಳ್ಳಕ್ಕೆ ಸಿಕ್ಕಿದೆ, ನಮ್ಮ ಗೇಟಿಗೆ ಯಾಕಾಗ್ಬಾರ್ದು? ಈ ಮಣ್ಣು, ಈ ಮಳೆ, ಈ ಜನಪ್ರತಿನಿಧಿಗಳು ಸೇರಿದ್ರೆ ಮಾತ್ರ ಇಂಥ ಕಾಯುವಿಕೆ ಹುಟ್ಟುದು, ಬೇರೆ ಕಡೆ ನೆಟ್ರೆ ಈ ರುಚಿ ಬರ್ಲಿಕ್ಕಿಲ್ಲ. ಗೇಟಿನ ಬಲಗಡೆ ಪೊದೆಯೊಳಗೆ ಗುದ್ದಲಿ ಪೂಜೆಯ ಕಲ್ಲು ಒಂದುಂಟು, ಪಾಚಿ ಹಿಡಿದು ಹೆಸರು ಯಾವುದೂ ಕಾಣುದಿಲ್ಲ, ಮಳೆಗಾಲದಲ್ಲಿ ನೋಡ್ಲಿಕ್ಕೆ ಬಹಳ ಲಾಯ್ಕ.

ಅಷ್ಟೊತ್ತಿಗೆ ರೈಲು ಬಂತು. ರೈಲಲ್ಲ, ಬರೀ ಇಂಜಿನು. ಒಂದೇ ಒಂದು ಇಂಜಿನು, ಹಿಂದೆ ಎಂತದ್ದೂ ಇಲ್ಲ, ಊಟ ಆದ ಮೇಲೆ ಅಂಗಳದಲ್ಲಿ ನಡೆಯುವವರ ಹಾಗೆ ಹೋಯ್ತು. ಗೇಟ್ ಎದ್ದಿತು. ಈಗ ನೋಡಿ, ಇಪ್ಪತ್ತು ನಿಮಿಷದಲ್ಲಿ ಈ ಕಡೆಯವರು ಇಡೀ ರಸ್ತೆ ತುಂಬಿಸಿದ್ದಾರೆ, ಆ ಕಡೆಯವರೂ ಇಡೀ ರಸ್ತೆ ತುಂಬಿಸಿದ್ದಾರೆ, ನಡುವೆ ಹಳಿ, ಎರಡು ಸೈನ್ಯ ಎದುರುಬದುರು. ರೂಟ್ ಬದಲಿಸದ ಒಂದೇ ಒಂದು ಬಸ್ಸು, ಅದರ ಕಂಡಕ್ಟರ್ ಫುಟ್‌ಬೋರ್ಡಿಂದ ಹಾರಿ ಬಂದು ‘ಟೈಮಿಂಗ್ ಹೋಯ್ತು’ ಅಂತ ಎಲ್ಲರಿಗೂ ಬೊಬ್ಬೆ ಹಾಕಿದ. ಗೇಟಿಲ್ಲದ ಕ್ರಾಸಿಂಗಲ್ಲಿ ಕಂಡಕ್ಟರ್ ಇಳಿದು ಹಳಿ ತನಕ ನಡೆದು ರೈಲು ಬರ್ತದಾ ನೋಡ್ಬೇಕು ಅಂತ 1988ರ ಮೋಟಾರು ವಾಹನ ಕಾಯ್ದೆಯ 131ನೇ ಸೆಕ್ಷನ್ ಹೇಳ್ತದೆ, ಕಾವಲಿಲ್ಲದ ಬ್ರಾಡ್‌ಗೇಜ್ ಕ್ರಾಸಿಂಗ್ ಎಲ್ಲ 2019ರ ಜನವರಿಗೇ ಮುಗಿದಿದೆ, ಆದ್ರೂ ಇವ ಮಾತ್ರ ಗೇಟಿದ್ದಲ್ಲೂ ಇಳೀತಾನೆ, ರೈಲು ನೋಡ್ಲಿಕ್ಕಲ್ಲ, ಜಗಳಕ್ಕೆ. ಗೇಟಿನ ಅಣ್ಣ ಯಾವುದೋ ದೂರದ ಊರಿನವರು, ತುಳು ಕಲಿತದ್ದು ಪೂರಾ ಇಂಥ ಕಂಡಕ್ಟರ್‌ಗಳ ಬೈಗುಳದಿಂದ, ಹಾಗಾಗಿ ಅವರ ತುಳುವಲ್ಲಿ ಒಳ್ಳೆ ಮಾತು ಒಂದೂ ಇಲ್ಲ, ಪಾಪ ಅವರ ತಪ್ಪಲ್ಲ.

ನನ್ನ ಪಕ್ಕದಲ್ಲಿ ಒಬ್ಬ ಹುಡುಗ, ಅವನದ್ದೂ ಸ್ಕೂಟರ್, ಕುತ್ತಿಗೆಯಲ್ಲಿ ಐಡಿ ಕಾರ್ಡು, ಕಂಕುಳಲ್ಲಿ ರೂಲ್ ಎಳೆದ ಕಾಗದ. ಎಂತ ಕೆಲಸ ತಮ್ಮಾ ಅಂತ ಕೇಳಿದೆ.

‘ಗಾಡಿ ಎಣಿಸ್ಲಿಕ್ಕೆ ಬಂದದ್ದಣ್ಣ. ಬೆಳಿಗ್ಗೆ ಎಂಟಕ್ಕೆ ಶುರು ಮಾಡ್ಬೇಕಿತ್ತು, ಎಣಿಸುವ ಟೆಂಟ್ ಆಚೆ ಬದಿಯಲ್ಲುಂಟು, ನಾನು ಈಚೆಯೇ ಬಾಕಿ.’

‘ಹಾಗಾದ್ರೆ ಇಲ್ಲಿಂದಲೇ ಎಣಿಸು. ನಾನು ಕಾಲು, ನೀನು ಕಾಲು.’

ಅವ ಪೆನ್ನು ತೆಗೆದ, ಮತ್ತೆ ಕಿಸೆಗೆ ಹಾಕಿದ. ‘ದಾಟಿದವರನ್ನು ಮಾತ್ರ ಎಣಿಸುದಣ್ಣ, ನಿಂತವರನ್ನು ಬರೀಲಿಕ್ಕೆ ಕಾಲಂ ಇಲ್ಲ.’

ಗೂಡಿನ ಫೋನ್ ರಿಂಗಾಯ್ತು. ಅಣ್ಣ ಬೀಡಿ ಆರಿಸಿ ಒಳಗೆ ಹೋಗಿ, ಹೂಂ ಹೂಂ ಅಂತ ಕೇಳಿ, ಹೊರಗೆ ಬಂದು ಹ್ಯಾಂಡಲಿಗೆ ಕೈ ಹಾಕಿದ್ರು.